ಪ್ರಶ್ನೆಯನ್ನು ಬಾಲದಿಂದ ಓದಿ: ‘ವಿವರಿಸಿ’, ‘ಹೋಲಿಸಿ’, ‘ಸಮರ್ಥಿಸಿ’ ಅಂದರೆ ಏನು ಬರೆಯಬೇಕು?

ಉತ್ತರ ಪತ್ರಿಕೆ ವಾಪಸ್ ಕೊಟ್ಟ ದಿನ ಒಂದು ಮಾತು ಕಿವಿಗೆ ಬಿದ್ದೇ ಬೀಳುತ್ತದೆ. “ಮಿಸ್, ನಾನು ಬರೆದದ್ದೆಲ್ಲ ಸರಿ ಇದೆ ಅಲ್ವಾ? ಮತ್ತೆ ನಾಲ್ಕಕ್ಕೆ ಒಂದೇ ಯಾಕೆ?” ಪತ್ರಿಕೆ ತಿರುಗಿಸಿ ನೋಡಿದರೆ ಹುಡುಗಿ ಹೇಳುವುದು ನಿಜ. ಒಂದು ಸಾಲೂ ತಪ್ಪಿಲ್ಲ. ಆವಿಯಾಗುವಿಕೆ ಎಂದರೇನು, ಅದು ಹೇಗೆ ಆಗುತ್ತದೆ, ಒದ್ದೆ ಬಟ್ಟೆ ಹೇಗೆ ಒಣಗುತ್ತದೆ, ಎಲ್ಲ ಇದೆ. ಮುಕ್ಕಾಲು ಪುಟ. ಆದರೆ ಪ್ರಶ್ನೆ ಇದ್ದದ್ದು “ಆವಿಯಾಗುವಿಕೆ ಮತ್ತು ಕುದಿಯುವಿಕೆಗೆ ಇರುವ ವ್ಯತ್ಯಾಸಗಳನ್ನು ಬರೆಯಿರಿ” ಎಂದು. ಕುದಿಯುವಿಕೆಯ ಸುದ್ದಿ ಬರುವುದು ಕಟ್ಟಕಡೆಯ ಒಂದೇ ಸಾಲಿನಲ್ಲಿ.

ಇಂಥವರಿಗೆ “ಇನ್ನೂ ಜಾಸ್ತಿ ಓದು” ಎಂದು ಹೇಳಿ ಪ್ರಯೋಜನವಿಲ್ಲ. ಪಾಠ ಅವರಿಗೆ ಬರುತ್ತದೆ. ಪ್ರಶ್ನೆ ಓದಲು ಬರುವುದಿಲ್ಲ. ಪ್ರಶ್ನೆಯಲ್ಲಿ ‘ಏನು ಮಾಡು’ ಎಂದು ಹೇಳುವ ಒಂದು ಪದ ಇರುತ್ತದೆ. ಹೆಸರಿಸಿ, ವಿವರಿಸಿ, ಹೋಲಿಸಿ, ಸಾಧಿಸಿ, ಸಮರ್ಥಿಸಿ. ಇವನ್ನು ಸೂಚನಾ ಪದಗಳು ಎನ್ನೋಣ. ಈ ಪದಗಳನ್ನು ಹಿಡಿಯುವುದು ಹೇಗೆ, ಒಂದೊಂದಕ್ಕೂ ಉತ್ತರದ ಆಕಾರ ಹೇಗಿರಬೇಕು ಎಂಬುದನ್ನು ಹಂತಹಂತವಾಗಿ ನೋಡೋಣ. ಮಕ್ಕಳು ತಾವೇ ಓದಿಕೊಳ್ಳಬಹುದು. ಮನೆಯಲ್ಲಿ ಜೊತೆಗೆ ಕೂತು ಓದಿಸುವವರಿಗೂ ಉಪಯೋಗಕ್ಕೆ ಬರುತ್ತದೆ.

ಹಂತ 1: ಬಾಲದಿಂದ ಓದಿ

ಇಂಗ್ಲಿಷ್ ಪ್ರಶ್ನೆಪತ್ರಿಕೆಯಲ್ಲಿ ಏನು ಮಾಡಬೇಕೆಂಬ ಪದ ಸಾಮಾನ್ಯವಾಗಿ ಮೊದಲೇ ಬಂದುಬಿಡುತ್ತದೆ. ಕನ್ನಡದಲ್ಲಿ ಹಾಗಲ್ಲ. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಹಾಗಾಗಿ ಓದುವ ಮಗುವಿನ ಕಣ್ಣಿಗೆ ಮೊದಲು ಬೀಳುವುದು ವಿಷಯ. “ಆವಿಯಾಗುವಿಕೆ...” ಎಂದು ಓದಿದ ಕೂಡಲೇ ತಲೆಯಲ್ಲಿ ಆ ಪಾಠ ಬಿಚ್ಚಿಕೊಳ್ಳುತ್ತದೆ. “ಓ, ಇದು ನನಗೆ ಗೊತ್ತು!” ಕೈ ಬರೆಯಲು ಶುರು ಮಾಡುತ್ತದೆ. ವಾಕ್ಯದ ಬಾಲದಲ್ಲಿ ಕೂತಿದ್ದ ‘ವ್ಯತ್ಯಾಸಗಳನ್ನು ಬರೆಯಿರಿ’ ಕಣ್ಣಿಗೆ ಬಿದ್ದಿರುತ್ತದೆ, ಆದರೆ ತಲೆಗೆ ಹೋಗಿರುವುದಿಲ್ಲ.

ಮದ್ದು ಸುಲಭ. ಪ್ರಶ್ನೆಯನ್ನು ಒಮ್ಮೆ ಪೂರ್ತಿ ಓದಿ. ಆಮೇಲೆ ಪೆನ್ಸಿಲ್ ತೆಗೆದು ಕೊನೆಯ ಎರಡು ಮೂರು ಪದಗಳ ಕೆಳಗೆ ಗೆರೆ ಎಳೆಯಿರಿ. ಬರೀ ಕೊನೆಯ ಪದ ಸಾಲದು. ಏಕೆಂದರೆ ‘ಬರೆಯಿರಿ’, ‘ತಿಳಿಸಿ’, ‘ಕೊಡಿ’ ಎನ್ನುವುವು ಖಾಲಿ ಚೀಲ ಇದ್ದಂತೆ. ಚೀಲದಲ್ಲಿ ಏನಿದೆ ಎಂಬುದು ಅದರ ಹಿಂದಿನ ಪದದಲ್ಲಿ ಇರುತ್ತದೆ. ವ್ಯತ್ಯಾಸ ಬರೆಯಿರಿ, ಕಾರಣ ಕೊಡಿ, ಟಿಪ್ಪಣಿ ಬರೆಯಿರಿ, ಅರ್ಥ ತಿಳಿಸಿ. ನಾಲ್ಕೂ ಬೇರೆ ಬೇರೆ ಕೆಲಸ.

ಕೆಲವು ಪ್ರಶ್ನೆಗಳಿಗೆ ಇಂಥ ಬಾಲವೇ ಇರುವುದಿಲ್ಲ. “ಮಂಜುಗಡ್ಡೆ ನೀರಿನ ಮೇಲೆ ಏಕೆ ತೇಲುತ್ತದೆ?” ಅಲ್ಲಿ ‘ಏಕೆ’ಯೇ ಸೂಚನೆ. ‘ಏಕೆ’ ಎಂದರೆ ಕಾರಣ ಕೊಡಿ. ‘ಹೇಗೆ’ ಎಂದರೆ ನಡೆಯುವ ಕ್ರಮವನ್ನು ವಿವರಿಸಿ. ‘ಯಾವುವು’ ಎಂದರೆ ಪಟ್ಟಿ. ‘ಎಂದರೇನು’ ಬಂದರೆ ವ್ಯಾಖ್ಯೆ.

ಹಂತ 2: ಪ್ರಶ್ನೆಯನ್ನು ಮೂರು ತುಂಡು ಮಾಡಿ

ಯಾವ ಪ್ರಶ್ನೆಯನ್ನೇ ತೆಗೆದುಕೊಳ್ಳಿ, ಅದರಲ್ಲಿ ಕೆಲಸ, ವಿಷಯ, ಎಲ್ಲೆ ಎಂಬ ಮೂರು ತುಂಡು ಹುಡುಕಬಹುದು. ಒಂದು ಉದಾಹರಣೆ:

“ಕೊಟ್ಟಿರುವ ಕೋಷ್ಟಕದ ಆಧಾರದ ಮೇಲೆ, ಆವಿಯಾಗುವಿಕೆಯ ಮೇಲೆ ಗಾಳಿಯ ವೇಗದ ಪರಿಣಾಮವನ್ನು ಎರಡು ಅಂಶಗಳಲ್ಲಿ ವಿವರಿಸಿ.”

ಕೆಲಸ ‘ವಿವರಿಸಿ’. ವಿಷಯ ಗಾಳಿಯ ವೇಗದ ಪರಿಣಾಮ. ಬರೀ ಆವಿಯಾಗುವಿಕೆ ಅಲ್ಲ, ಬಿಸಿಲೂ ಅಲ್ಲ, ತೇವಾಂಶವೂ ಅಲ್ಲ. ಎಲ್ಲೆ ಎರಡಿವೆ: ಕೋಷ್ಟಕದಲ್ಲಿರುವ ಸಂಖ್ಯೆಗಳನ್ನು ಬಳಸಬೇಕು, ಎರಡೇ ಅಂಶ ಬರೆಯಬೇಕು. ಕೋಷ್ಟಕವನ್ನು ಮುಟ್ಟದೆ ನೆನಪಿನಿಂದ ಎಷ್ಟು ಚೆನ್ನಾಗಿ ಬರೆದರೂ ಪೂರ್ತಿ ಅಂಕ ಬರುವುದು ಕಷ್ಟ.

ಎಲ್ಲೆ ಹಾಕುವ ಮಾತುಗಳ ಮೇಲೆ ಒಂದು ಕಣ್ಣಿಡಿ. ‘ಯಾವುದಾದರೂ ಎರಡು’ ಎಂದಿದ್ದಲ್ಲಿ ಐದು ಬರೆದರೆ ಹೆಚ್ಚು ಅಂಕ ಇಲ್ಲ, ಸಮಯ ಮಾತ್ರ ದಂಡ. ‘ಉದಾಹರಣೆ ಸಹಿತ’ ಎಂದಿದ್ದರೆ ಉದಾಹರಣೆಗೆ ಪ್ರತ್ಯೇಕ ಅಂಕ ಇರುತ್ತದೆ ಎಂದೇ ತಿಳಿಯಿರಿ. ‘ಚಿತ್ರದ ಸಹಾಯದಿಂದ’ ಎಂದಿದ್ದರೆ ಚಿತ್ರ ಬರೆದು ಸುಮ್ನೆ ಬಿಡಬಾರದು, ಉತ್ತರದೊಳಗೆ ಆ ಚಿತ್ರದ ಭಾಗಗಳ ಮಾತು ಬರಬೇಕು. ‘ಸಂಕ್ಷಿಪ್ತವಾಗಿ’ ಎಂದರೆ ಕಿರಿದು ಎಂದಷ್ಟೇ, ಅರ್ಧಂಬರ್ಧ ಎಂದಲ್ಲ. ಗಣಿತದಲ್ಲಿ ‘ಇದರ ಸಹಾಯದಿಂದ’ ಎಂದು ಬಂದರೆ ಹಿಂದಿನ ಭಾಗದಲ್ಲಿ ಸಿಕ್ಕ ಉತ್ತರವನ್ನೇ ಬಳಸಬೇಕು. ಬೇರೆ ದಾರಿಯಲ್ಲಿ ಸರಿಯುತ್ತರ ತಂದರೂ ಅಂಕ ಹೋಗಬಹುದು.

ಇನ್ನು ‘ಮತ್ತು’ ಎಂಬ ಪದ ಹಾಗೂ ‘-ದು’, ‘-ಇ’ ಪ್ರತ್ಯಯಗಳು. ಇವು ಒಂದೇ ಪ್ರಶ್ನೆಯಲ್ಲಿ ಎರಡು ಕೆಲಸ ಸೇರಿಸುತ್ತವೆ. “ಚಿತ್ರ ಬರೆದು ಭಾಗಗಳನ್ನು ಗುರುತಿಸಿ” ಎನ್ನುವಲ್ಲಿ ‘ಬರೆದು’ ಒಂದು ಕೆಲಸ, ‘ಗುರುತಿಸಿ’ ಇನ್ನೊಂದು. “ಪದವನ್ನು ಬಿಡಿಸಿ ಸಂಧಿಯನ್ನು ಹೆಸರಿಸಿ” ಎಂಬುದರಲ್ಲೂ ಹಾಗೆಯೇ. ‘ಬರೆದು’, ‘ಬಿಡಿಸಿ’ ಇವು ವಾಕ್ಯದ ನಡುವೆ ಬರುವುದರಿಂದ ಬಾಲ ಮಾತ್ರ ನೋಡುವವರ ಕೈಗೂ ಸಿಗದೆ ಜಾರಿಹೋಗುತ್ತವೆ. ಗೆರೆ ಎಳೆಯುವಾಗ ಇವುಗಳ ಕೆಳಗೂ ಎಳೆಯಿರಿ.

ಹಂತ 3: ಪದಗಳ ಮನೆತನ ತಿಳಿಯಿರಿ

ಸೂಚನಾ ಪದಗಳನ್ನು ಒಂದೊಂದಾಗಿ ಬಾಯಿಪಾಠ ಮಾಡಬೇಕಿಲ್ಲ. ಅವು ಮನೆತನಗಳಾಗಿ ಬರುತ್ತವೆ. ಅಮೆರಿಕದ ಶಿಕ್ಷಣ ತಜ್ಞ ಬೆಂಜಮಿನ್ ಬ್ಲೂಮ್ ಮತ್ತು ಅವರ ಜೊತೆಗಾರರು 1956ರಲ್ಲಿ ಕಲಿಕೆಯ ಗುರಿಗಳನ್ನು ಆರು ಮೆಟ್ಟಿಲುಗಳಾಗಿ ವಿಂಗಡಿಸಿದರು. 2001ರಲ್ಲಿ ಅದನ್ನು ಪರಿಷ್ಕರಿಸಿದವರು ಆ ಮೆಟ್ಟಿಲುಗಳ ಹೆಸರುಗಳನ್ನು ನಾಮಪದದಿಂದ ಕ್ರಿಯಾಪದಕ್ಕೆ ಬದಲಿಸಿದರು: ನೆನಪಿಸಿಕೊಳ್ಳು, ಅರ್ಥ ಮಾಡಿಕೊಳ್ಳು, ಅನ್ವಯಿಸು, ವಿಶ್ಲೇಷಿಸು, ಮೌಲ್ಯ ನಿರ್ಣಯಿಸು, ಸೃಷ್ಟಿಸು. ಪ್ರಶ್ನೆಪತ್ರಿಕೆ ತಯಾರಿಸುವ ಅನೇಕರು ಈ ಮೆಟ್ಟಿಲುಗಳನ್ನು ಎದುರಿಗಿಟ್ಟುಕೊಂಡೇ ಕೂರುತ್ತಾರೆ. ಮಕ್ಕಳಿಗೆ ಇಷ್ಟು ಗೊತ್ತಿದ್ದರೆ ಸಾಕು: ಪದ ಬದಲಾದರೆ ತಲೆ ಮಾಡಬೇಕಾದ ಕೆಲಸವೇ ಬದಲಾಗುತ್ತದೆ.

ಆವಿಯಾಗುವಿಕೆಯ ಪಾಠವನ್ನೇ ಇಟ್ಟುಕೊಂಡು ಈ ಮನೆತನಗಳನ್ನು ನೋಡೋಣ.

ಹೆಸರಿಸಿ, ಪಟ್ಟಿ ಮಾಡಿ, ತಿಳಿಸಿ

“ಆವಿಯಾಗುವಿಕೆಯ ವೇಗವನ್ನು ನಿರ್ಧರಿಸುವ ಅಂಶಗಳನ್ನು ಪಟ್ಟಿ ಮಾಡಿ.” ತಾಪ, ಮೇಲ್ಮೈಯ ವಿಸ್ತೀರ್ಣ, ಗಾಳಿಯ ವೇಗ, ಗಾಳಿಯಲ್ಲಿರುವ ತೇವಾಂಶ. ಮುಗಿಯಿತು. ವಾಕ್ಯ ಕೂಡ ಬೇಡ. ಇಲ್ಲಿ ತಪ್ಪುವವರು ಕಡಿಮೆ, ಆದರೆ ಜಾಣ ಮಕ್ಕಳು ಇಲ್ಲೇ ಸಮಯ ಕಳೆದುಕೊಳ್ಳುತ್ತಾರೆ. ಗೊತ್ತಿರುವುದನ್ನೆಲ್ಲ ಹೇಳಿಬಿಡುವ ಆಸೆ!

ವ್ಯಾಖ್ಯಾನಿಸಿ, ಎಂದರೇನು

ವ್ಯಾಖ್ಯೆ ಎಂದರೆ ಬೇಲಿ. ಆ ಪದಕ್ಕೆ ಸೇರಿದ್ದೆಲ್ಲ ಬೇಲಿಯ ಒಳಗಿರಬೇಕು, ಸೇರದ್ದು ಹೊರಗಿರಬೇಕು. “ನೀರು ಆವಿಯಾಗಿ ಹೋಗುವುದೇ ಆವಿಯಾಗುವಿಕೆ” ಎಂದರೆ ಬೇಲಿಯೇ ಇಲ್ಲ. ಹೇಳಬೇಕಾದ ಪದವನ್ನೇ ತಿರುಗಿ ಹೇಳಿದಂತಾಯಿತು. ಕುದಿಯುವಾಗಲೂ ಆವಿ ಬರುತ್ತದೆ, ಅದನ್ನು ಹೊರಗಿಟ್ಟೂ ಇಲ್ಲ. “ದ್ರವವೊಂದು ತನ್ನ ಕುದಿಬಿಂದುವಿಗಿಂತ ಕಡಿಮೆ ತಾಪದಲ್ಲಿ, ತನ್ನ ಮೇಲ್ಮೈಯಿಂದ ಅನಿಲ ರೂಪಕ್ಕೆ ಬದಲಾಗುವುದು” ಎಂದರೆ ಬೇಲಿ ಗಟ್ಟಿ. ‘ದ್ರವ’, ‘ಕುದಿಬಿಂದುವಿಗಿಂತ ಕಡಿಮೆ’, ‘ಮೇಲ್ಮೈ’ ಎಂಬ ಮೂರು ಗೂಟ. ತಿದ್ದುವವರು ಹುಡುಕುವುದು ಈ ಗೂಟಗಳನ್ನೇ.

ವರ್ಣಿಸಿ ಮತ್ತು ವಿವರಿಸಿ

ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಅತಿ ಹೆಚ್ಚು ಗೊಂದಲ ಇರುವುದು ಇಲ್ಲೇ. ನಿಜ ಹೇಳಬೇಕೆಂದರೆ ತಪ್ಪು ಮಕ್ಕಳದ್ದು ಮಾತ್ರ ಅಲ್ಲ. ಪ್ರಶ್ನೆ ಬರೆಯುವ ನಾವೂ ‘ವಿವರಿಸಿ’ ಎಂಬ ಒಂದೇ ಪದವನ್ನು ಎರಡಕ್ಕೂ ಬಳಸುತ್ತೇವೆ.

ವರ್ಣನೆ ಎಂದರೆ ಏನಿದೆ, ಏನಾಯಿತು, ಹೇಗೆ ಕಾಣುತ್ತದೆ ಎಂದು ಹೇಳುವುದು. ವಿವರಣೆ ಎಂದರೆ ಅದು ಏಕೆ ಹಾಗಾಯಿತು, ಹೇಗೆ ಹಾಗಾಯಿತು ಎಂದು ಬಿಡಿಸಿ ಹೇಳುವುದು. ಮಂಜುಗಡ್ಡೆಯನ್ನು ನಿಧಾನವಾಗಿ ಕಾಯಿಸುತ್ತಾ ಪ್ರತಿ ನಿಮಿಷ ತಾಪ ಅಳೆದು ನಕ್ಷೆ ಬಿಡಿಸಿದ್ದಾರೆ ಎಂದುಕೊಳ್ಳಿ. ನಕ್ಷೆಯ ರೇಖೆ ಮೊದಲು ಮೇಲೇರುತ್ತದೆ, 0 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸ್ವಲ್ಪ ಹೊತ್ತು ಸಮತಟ್ಟಾಗುತ್ತದೆ, ಮತ್ತೆ ಮೇಲೇರುತ್ತದೆ. ನಾನು ಈಗ ಹೇಳಿದ್ದು ವರ್ಣನೆ. ರೇಖೆ ಏಕೆ ಸಮತಟ್ಟಾಯಿತು? ಕೊಟ್ಟ ಶಾಖ ತಾಪವನ್ನು ಏರಿಸಲು ಹೋಗಲಿಲ್ಲ, ಕಣಗಳ ನಡುವಿನ ಹಿಡಿತವನ್ನು ಸಡಿಲಿಸಿ ಮಂಜನ್ನು ನೀರಾಗಿಸಲು ಖರ್ಚಾಯಿತು. ಅದಕ್ಕೇ ಅದನ್ನು ಗುಪ್ತೋಷ್ಣ ಎನ್ನುತ್ತಾರೆ. ಇದು ವಿವರಣೆ.

ನಕ್ಷೆಯನ್ನು ವರ್ಣಿಸಿ ಎಂದಾಗ ಗುಪ್ತೋಷ್ಣದ ಪುರಾಣ ಬೇಡ, ಸಂಖ್ಯೆಗಳು ಬೇಕು. ಎಲ್ಲಿಂದ ಎಲ್ಲಿಗೆ, ಎಷ್ಟು ಹೊತ್ತು. ವಿವರಿಸಿ ಎಂದಾಗ ಬರೀ ಏರಿಳಿತ ಹೇಳಿದರೆ ಅರ್ಧ ಉತ್ತರ. ನಿಮ್ಮ ಉತ್ತರದಲ್ಲಿ ‘ಏಕೆಂದರೆ’, ‘ಇದರಿಂದ’, ‘ಹೀಗಾಗಿ’ ಎಂಬ ಪದಗಳು ಒಂದಾದರೂ ಬಂದಿವೆಯೇ ನೋಡಿ. ಒಂದೂ ಇಲ್ಲದಿದ್ದರೆ ನೀವು ಬರೆದದ್ದು ಬಹುಶಃ ವರ್ಣನೆ.

ಹಾಗಿದ್ದರೆ ಪ್ರಶ್ನೆಯಲ್ಲಿ ‘ವಿವರಿಸಿ’ ಎಂದಷ್ಟೇ ಇದ್ದರೆ ಯಾವುದನ್ನು ಬರೆಯಬೇಕು? ಅದರ ಹಿಂದಿನ ಪದ ನೋಡಿ. ‘ರಚನೆಯನ್ನು ವಿವರಿಸಿ’, ‘ಪ್ರಯೋಗವನ್ನು ವಿವರಿಸಿ’, ‘ಲಕ್ಷಣಗಳನ್ನು ವಿವರಿಸಿ’ ಎಂದಿದ್ದರೆ ಕೇಳುತ್ತಿರುವುದು ವರ್ಣನೆ. ‘ಪರಿಣಾಮ’, ‘ಪಾತ್ರ’, ‘ಸಂಬಂಧ’, ‘ಕಾರಣ’ ಎಂದಿದ್ದರೆ ‘ಏಕೆಂದರೆ’ ಬೇಕು. ಅನುಮಾನ ಇದ್ದರೆ ಏನಾಯಿತು ಎಂದು ಒಂದು ಸಾಲು, ಏಕೆ ಆಯಿತು ಎಂದು ಒಂದು ಸಾಲು ಬರೆಯಿರಿ. ಎರಡೂ ಕಡೆ ಕಾಲಿಟ್ಟಂತಾಗುತ್ತದೆ, ಇಲ್ಲಿ ಅದು ತಪ್ಪೇನಲ್ಲ.

ಕಾರಣ ಕೊಡಿ

ಮಂಜುಗಡ್ಡೆಗೆ ವಾಪಸ್ ಬರೋಣ. “ಮಂಜುಗಡ್ಡೆ ನೀರಿನಲ್ಲಿ ತೇಲುತ್ತದೆ. ಕಾರಣ ಕೊಡಿ.” ಹೆಚ್ಚಿನವರ ಉತ್ತರ: “ಏಕೆಂದರೆ ಮಂಜುಗಡ್ಡೆ ಹಗುರ.” ಬೆಟ್ಟದಷ್ಟು ದೊಡ್ಡ ನೀರ್ಗಲ್ಲು ಸಮುದ್ರದಲ್ಲಿ ತೇಲುತ್ತದೆ, ಒಂದು ಸಣ್ಣ ಕಲ್ಲು ಮುಳುಗುತ್ತದೆ. ಯಾವುದು ಹಗುರ?

ಕಾರಣದ ಉತ್ತರ ಸರಪಳಿಯ ಹಾಗೆ. ಒಂದು ಕೊಂಡಿ ಬಿಟ್ಟರೂ ಸರಪಳಿ ತುಂಡಾಗುತ್ತದೆ. ನೀರು ಹೆಪ್ಪುಗಟ್ಟುವಾಗ ಹಿಗ್ಗುತ್ತದೆ. ಅದೇ ದ್ರವ್ಯರಾಶಿ ಹೆಚ್ಚು ಜಾಗ ಹಿಡಿಯುತ್ತದೆ. ಹಾಗಾಗಿ ಮಂಜುಗಡ್ಡೆಯ ಸಾಂದ್ರತೆ ಕಡಿಮೆ, ಒಂದು ಘನ ಸೆಂಟಿಮೀಟರಿಗೆ ಸುಮಾರು 0.92 ಗ್ರಾಂ. ನೀರಿನದು ಸುಮಾರು 1 ಗ್ರಾಂ. ಕಡಿಮೆ ಸಾಂದ್ರತೆಯ ವಸ್ತು ಹೆಚ್ಚು ಸಾಂದ್ರತೆಯ ದ್ರವದಲ್ಲಿ ತೇಲುತ್ತದೆ. ಕೊನೆಯ ಕೊಂಡಿ ಪ್ರಶ್ನೆಯ ಮಾತಿಗೇ ಬಂದು ಸೇರಿತು ನೋಡಿ. ಎರಡು ಅಂಕದ ಪ್ರಶ್ನೆಗೆ ಸಾಂದ್ರತೆಯ ಸಂಗತಿ ಮತ್ತು ತೇಲುವ ನಿಯಮ ಸಾಕು. ಮೂರಕ್ಕೆ ಹಿಗ್ಗುವ ಮಾತನ್ನೂ ಸೇರಿಸಿ.

ಒಂದು ಪರೀಕ್ಷೆ ಇದೆ. ಬರೆದ ಕಾರಣಕ್ಕೆ ಇನ್ನೊಮ್ಮೆ “ಅದು ಯಾಕೆ?” ಎಂದು ಕೇಳಿಕೊಳ್ಳಿ. ಪಾಠದಲ್ಲಿ ಅದಕ್ಕೂ ಉತ್ತರ ಇದ್ದರೆ ಇನ್ನೊಂದು ಕೊಂಡಿ ಬಾಕಿ ಇದೆ.

ವ್ಯತ್ಯಾಸ ಬರೆಯಿರಿ, ಹೋಲಿಸಿ

ವ್ಯತ್ಯಾಸ ಎಂದರೆ ಬೇರೆಯಾಗಿರುವುದು ಮಾತ್ರ. ಹೋಲಿಸಿ ಎಂದರೆ ಒಂದೇ ತರಹ ಇರುವುದೂ ಬೇಕು, ಬೇರೆಯಾಗಿರುವುದೂ ಬೇಕು. ಇದನ್ನು ಮರೆತು ಹೋಲಿಕೆಯ ಪ್ರಶ್ನೆಗೆ ಬರೀ ವ್ಯತ್ಯಾಸ ಬರೆಯುವವರೇ ಜಾಸ್ತಿ.

ಎರಡಕ್ಕೂ ಒಂದು ನಿಯಮ: ಅಳತೆಗೋಲು ಒಂದೇ ಇರಬೇಕು. “ಆವಿಯಾಗುವಿಕೆ ನಿಧಾನ, ಕುದಿಯುವಿಕೆಯಲ್ಲಿ ಗುಳ್ಳೆ ಬರುತ್ತದೆ” ಎಂಬುದು ವ್ಯತ್ಯಾಸ ಅಲ್ಲ. ಒಂದರ ವೇಗ ಹೇಳಿ, ಇನ್ನೊಂದರ ಗುಳ್ಳೆ ಹೇಳಿದರೆ ತಾಳೆಯಾಗುವುದು ಹೇಗೆ? ಮೊದಲು ಅಳತೆಗೋಲುಗಳನ್ನು ಗೊತ್ತು ಮಾಡಿಕೊಳ್ಳಿ. ತಾಪ: ಒಂದು ಕುದಿಬಿಂದುವಿಗಿಂತ ಕೆಳಗಿನ ತಾಪದಲ್ಲೂ ಆಗುತ್ತದೆ, ಇನ್ನೊಂದಕ್ಕೆ ನಿಗದಿತ ತಾಪ ಬೇಕು. ಜಾಗ: ಒಂದು ಮೇಲ್ಮೈಯಲ್ಲಿ ಮಾತ್ರ, ಇನ್ನೊಂದು ದ್ರವದ ತುಂಬ. ವೇಗ: ಒಂದು ನಿಧಾನ, ಇನ್ನೊಂದು ಬೇಗ. ಗುಳ್ಳೆ: ಒಂದರಲ್ಲಿ ಇಲ್ಲ, ಇನ್ನೊಂದರಲ್ಲಿ ಇದೆ. ನಾಲ್ಕು ಅಂಕಕ್ಕೆ ನಾಲ್ಕು ಸಾಲು. ನಡುವೆ ಗೆರೆ ಎಳೆದು ಎರಡು ಕಂಬ ಮಾಡಿ ಬರೆದರೆ, ತಾಳೆ ತಪ್ಪಿದ ಸಾಲು ನಿಮಗೇ ಗೊತ್ತಾಗುತ್ತದೆ. ಮೊದಲಿಗೆ ಹೇಳಿದ ಹುಡುಗಿಗೆ ಈ ನಾಲ್ಕೂ ಗೊತ್ತಿದ್ದವು. ಕೇಳಿದಾಗ ಬಾಯಲ್ಲಿ ಪಟಪಟ ಹೇಳಿದಳು.

ಅನ್ವಯಿಸಿ, ಊಹಿಸಿ, ಏನಾಗುತ್ತದೆ

“ಒಂದೇ ಅಳತೆಯ ನೀರನ್ನು ಅಗಲವಾದ ತಟ್ಟೆಯಲ್ಲೂ ಕಿರಿದಾದ ಬಾಟಲಿಯಲ್ಲೂ ಇಟ್ಟರೆ ಯಾವುದು ಬೇಗ ಒಣಗುತ್ತದೆ? ಊಹಿಸಿ, ಕಾರಣ ಕೊಡಿ.” ಊಹೆ ಎಂದರೆ ಕಣ್ಣು ಮುಚ್ಚಿ ಹೊಡೆಯುವುದಲ್ಲ, ಪಾಠದ ನಿಯಮವನ್ನು ಹೊಸ ಜಾಗದಲ್ಲಿ ಇಟ್ಟು ನೋಡುವುದು. ಉತ್ತರ ತಟ್ಟೆ, ಕಾರಣ ಮೇಲ್ಮೈಯ ವಿಸ್ತೀರ್ಣ. ‘ತಟ್ಟೆ’ ಎಂದಷ್ಟೇ ಬರೆದು ಬಿಡಬೇಡಿ.

ವಿಶ್ಲೇಷಿಸಿ, ಚರ್ಚಿಸಿ, ವಿಮರ್ಶಿಸಿ, ಸಮರ್ಥಿಸಿ

ದೊಡ್ಡ ಅಂಕದ ಪ್ರಶ್ನೆಗಳು ಈ ಮನೆಯಿಂದ ಬರುತ್ತವೆ. ವಿಜ್ಞಾನಕ್ಕಿಂತ ಇತಿಹಾಸದಲ್ಲಿ ಇವನ್ನು ನೋಡುವುದು ಸುಲಭ. 1789ರ ಫ್ರಾನ್ಸಿನ ಕ್ರಾಂತಿಯನ್ನು ತೆಗೆದುಕೊಳ್ಳಿ.

‘ಕಾರಣಗಳನ್ನು ವಿಶ್ಲೇಷಿಸಿ’ ಎಂದರೆ ಕಾರಣಗಳನ್ನು ಬಿಡಿಬಿಡಿಯಾಗಿ ತೆಗೆದು, ಒಂದಕ್ಕೊಂದು ಹೇಗೆ ಅಂಟಿಕೊಂಡಿವೆ ಎಂದು ತೋರಿಸುವುದು. ಖಜಾನೆ ಸಾಲದಲ್ಲಿ ಮುಳುಗಿತ್ತು. ಅಮೆರಿಕದ ಸ್ವಾತಂತ್ರ್ಯ ಯುದ್ಧಕ್ಕೆ ಕೊಟ್ಟ ನೆರವು ಆ ಸಾಲವನ್ನು ಹೆಚ್ಚಿಸಿತ್ತು. ಪುರೋಹಿತ ವರ್ಗ ಮತ್ತು ಶ್ರೀಮಂತ ವರ್ಗಕ್ಕೆ ಬಹುಪಾಲು ತೆರಿಗೆಗಳಿಂದ ವಿನಾಯಿತಿ ಇದ್ದುದರಿಂದ ಹೊರೆ ಬಿದ್ದದ್ದು ಮೂರನೇ ವರ್ಗದ ಮೇಲೆ, ಅಂದರೆ ಉಳಿದ ಸಾಮಾನ್ಯ ಜನರ ಮೇಲೆ. 1788ರಲ್ಲಿ ಬೆಳೆ ಕೈಕೊಟ್ಟಿತು, ಬ್ರೆಡ್ಡಿನ ಬೆಲೆ ಏರಿತು. ಸಾಲ, ತೆರಿಗೆ, ಹಸಿವು ಮೂರನ್ನೂ ಹೀಗೆ ಪೋಣಿಸಿದರೆ ವಿಶ್ಲೇಷಣೆ. ಒಂದರ ಕೆಳಗೊಂದು ಇಟ್ಟರೆ ಪಟ್ಟಿ.

‘ಚರ್ಚಿಸಿ’ ಎಂದರೆ ಒಂದಕ್ಕಿಂತ ಹೆಚ್ಚು ಕಡೆಯಿಂದ ನೋಡುವುದು. ಒಂದೇ ಪಕ್ಷ ಹಿಡಿದು ಕೂತರೆ ಅದು ಭಾಷಣ.

‘ವಿಮರ್ಶಿಸಿ’ ಎಂಬ ಪದ ಪಾಪ, ತುಂಬ ಅಪಾರ್ಥಕ್ಕೆ ಸಿಕ್ಕಿದೆ. ಬೈಯುವುದು, ತಪ್ಪು ಹುಡುಕುವುದು ಎಂದೇ ಬಹಳ ಮಕ್ಕಳು ತಿಳಿದಿರುತ್ತಾರೆ. ಬೈಯುವುದಕ್ಕೆ ಟೀಕೆ ಎಂಬ ಬೇರೆ ಮಾತಿದೆ. ವಿಮರ್ಶೆ ಎಂದರೆ ತೂಗಿ ನೋಡುವುದು. ತಕ್ಕಡಿಗೆ ಎರಡು ತಟ್ಟೆ. “ಆರ್ಥಿಕ ಬಿಕ್ಕಟ್ಟೇ ಕ್ರಾಂತಿಯ ಮುಖ್ಯ ಕಾರಣ ಎಂಬ ಮಾತನ್ನು ವಿಮರ್ಶಿಸಿ” ಎಂದರೆ ಒಂದು ತಟ್ಟೆಗೆ ಸಾಲ, ತೆರಿಗೆ, ಹಸಿವು. ಇನ್ನೊಂದಕ್ಕೆ ಸಮಾನತೆ ಹಾಗೂ ಜನರ ಅಧಿಕಾರದ ಬಗ್ಗೆ ರೂಸೋನಂಥ ಚಿಂತಕರು ಹರಡಿದ ವಿಚಾರಗಳು, ಹುಟ್ಟಿನ ಮೇಲೆ ನಿಂತ ವರ್ಗಭೇದ, ದೊರೆ 16ನೇ ಲೂಯಿಯ ಗಟ್ಟಿ ಇಲ್ಲದ ಆಡಳಿತ. ಆಮೇಲೆ ಮುಳ್ಳು ಎತ್ತ ವಾಲಿತು ಎಂದು ಹೇಳಲೇಬೇಕು. ಎರಡೂ ಕಡೆ ಬರೆದು ತೀರ್ಪು ಕೊಡದೆ ಎದ್ದು ಹೋದರೆ ಕೊನೆಯ ಅಂಕಗಳು ಅಲ್ಲೇ ಉಳಿಯುತ್ತವೆ. ‘ಎಷ್ಟರ ಮಟ್ಟಿಗೆ ಒಪ್ಪುತ್ತೀರಿ?’ ಎಂಬ ಪ್ರಶ್ನೆಯೂ ಇದೇ ಜಾತಿ. ಅದಕ್ಕೆ ಬರೀ ‘ಹೌದು’ ಅಥವಾ ‘ಇಲ್ಲ’ ಉತ್ತರ ಆಗುವುದಿಲ್ಲ. ‘ಬಹುಮಟ್ಟಿಗೆ ಒಪ್ಪುತ್ತೇನೆ, ಆದರೆ...’ ಎಂಬ ಧಾಟಿ ಬೇಕು.

‘ಸಮರ್ಥಿಸಿ’ ಇದಕ್ಕೆ ತದ್ವಿರುದ್ಧ. ಇಲ್ಲಿ ತೀರ್ಪು ಆಗಲೇ ಬಂದಿದೆ. ನೀವು ವಕೀಲರು. ಹೇಳಿಕೆಯ ಪರವಾಗಿ ಸಾಕ್ಷಿ ತಂದು ನಿಲ್ಲಿಸುವುದಷ್ಟೇ ಕೆಲಸ. ಆ ಮಾತನ್ನು ನೀವು ಮನಸ್ಸಿನಲ್ಲಿ ಒಪ್ಪುತ್ತೀರೋ ಇಲ್ಲವೋ ಯಾರೂ ಕೇಳಿಲ್ಲ.

ಇತಿಹಾಸದಲ್ಲಿ ಇನ್ನೊಂದು ಹೊಂಡ ಇದೆ: ‘ಕಾರಣ’ ಮತ್ತು ‘ತಕ್ಷಣದ ಕಾರಣ’. ಮೊದಲ ಮಹಾಯುದ್ಧದ ತಕ್ಷಣದ ಕಾರಣ ಕೇಳಿದರೆ 1914ರ ಜೂನ್ 28ರಂದು ಸರಾಯೆವೊದಲ್ಲಿ ನಡೆದ ಆಸ್ಟ್ರಿಯಾ-ಹಂಗೇರಿಯ ಯುವರಾಜ ಆರ್ಚ್‌ಡ್ಯೂಕ್ ಫ್ರಾನ್ಸ್ ಫರ್ಡಿನೆಂಡ್‌ನ ಹತ್ಯೆ. ಸೈನಿಕ ಒಪ್ಪಂದಗಳು, ವಸಾಹತುಗಳ ಪೈಪೋಟಿ, ಉಗ್ರ ರಾಷ್ಟ್ರೀಯತೆ ಇವೆಲ್ಲ ಒಣಗಿದ ಕಟ್ಟಿಗೆ. ಕೇಳಿದ್ದು ಕಿಡಿಯ ಬಗ್ಗೆ.

ಹಂತ 4: ವಿಷಯ ಬದಲಾದರೆ ಪದದ ಅರ್ಥವೂ ಬದಲಾಗುತ್ತದೆ

‘ಬಿಡಿಸಿ’ ಎಂಬ ಒಂದು ಪದವನ್ನೇ ನೋಡಿ. ಗಣಿತದಲ್ಲಿ ಸಮೀಕರಣ ಬಿಡಿಸಿ ಎಂದರೆ ಉತ್ತರ ಕಂಡುಹಿಡಿ. ಚಿತ್ರ ಬಿಡಿಸಿ ಎಂದರೆ ಚಿತ್ರ ಬರೆ. ವ್ಯಾಕರಣದಲ್ಲಿ ಬಿಡಿಸಿ ಬರೆಯಿರಿ ಎಂದರೆ ತುಂಡು ಮಾಡು.

ತುಂಡು ಮಾಡುವುದರಲ್ಲೂ ಎರಡು ಬಗೆ. ‘ಮಳೆಗಾಲ’ ಎಂಬ ಪದ ಕೊಟ್ಟು “ಬಿಡಿಸಿ ಸಂಧಿ ಹೆಸರಿಸಿ” ಎಂದರೆ ಮಳೆ + ಕಾಲ, ಆದೇಶ ಸಂಧಿ. ಅದೇ ಪದ ಕೊಟ್ಟು “ವಿಗ್ರಹಿಸಿ ಸಮಾಸ ಹೆಸರಿಸಿ” ಎಂದರೆ ಮಳೆಯ + ಕಾಲ, ತತ್ಪುರುಷ ಸಮಾಸ. ಸಂಧಿಯಲ್ಲಿ ನೋಡುವುದು ಅಕ್ಷರ ಏನಾಯಿತು ಎಂದು, ಸಮಾಸದಲ್ಲಿ ನೋಡುವುದು ಅರ್ಥದ ನಂಟು ಏನು ಎಂದು. ಆ ಒಂದು ‘ಯ’ ಬಿಟ್ಟರೆ ಸೂಚನಾ ಪದ ಓದಿಲ್ಲ ಎಂದು ತಿದ್ದುವವರಿಗೆ ಗೊತ್ತಾಗಿಬಿಡುತ್ತದೆ.

ಕನ್ನಡ ಪತ್ರಿಕೆಯಲ್ಲಿ “ಸಂದರ್ಭದೊಂದಿಗೆ ವಿವರಿಸಿ” ಎಂಬುದು ಇನ್ನೊಂದು ವಿಶೇಷ. ಮಾತು ಯಾವ ಪಾಠದ್ದು ಮತ್ತು ಯಾರು ಬರೆದದ್ದು, ಯಾರು ಯಾರಿಗೆ ಯಾವಾಗ ಹೇಳಿದರು, ಆ ಮಾತಿನ ಸ್ವಾರಸ್ಯ ಏನು, ಇಷ್ಟೂ ಬೇಕು. ಮೊದಲ ಎರಡನ್ನು ಎಲ್ಲರೂ ಬರೆಯುತ್ತಾರೆ. ಸ್ವಾರಸ್ಯ ಬಂದಾಗ “ಇದು ತುಂಬ ಸ್ವಾರಸ್ಯಕರವಾಗಿದೆ” ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ! ಆ ಮಾತು ಆ ಪಾತ್ರದ ಬಗ್ಗೆ ಏನು ಹೇಳುತ್ತದೆ, ಕತೆ ಅಲ್ಲಿಂದ ಎತ್ತ ತಿರುಗುತ್ತದೆ ಎಂದು ಒಂದೆರಡು ಸಾಲು ಬರೆದರೆ ಸಾಕು. ಸಾರಾಂಶ ಬರೆಯುವಾಗ ಮಾತ್ರ ಇದರ ಉಲ್ಟಾ. ಸಾಲುಸಾಲಾಗಿ ಅರ್ಥ ಹೇಳುತ್ತಾ ಹೋಗಬೇಡಿ, ಸ್ವಂತ ಅಭಿಪ್ರಾಯ ಸೇರಿಸಬೇಡಿ. ಪದ್ಯದ ತಿರುಳನ್ನು ನಿಮ್ಮ ಮಾತಿನಲ್ಲಿ ಹೇಳಿ.

ಗಣಿತದ ಪದಗಳು ಬಹಳ ಕಟ್ಟುನಿಟ್ಟು. ತಿಳಿಯದ ಸಂಖ್ಯೆಯನ್ನು ‘ಕ’ ಎಂದಿಟ್ಟುಕೊಳ್ಳೋಣ. “ಕ² − 5ಕ + 6 ಅನ್ನು ಅಪವರ್ತಿಸಿ” ಎಂದರೆ ಉತ್ತರ (ಕ − 2)(ಕ − 3). ಅಲ್ಲಿಗೆ ನಿಲ್ಲಬೇಕು. ಕೈ ತಡೆಯದೆ ‘ಕ = 2, ಕ = 3’ ಎಂದು ಮುಂದುವರಿಸಿದರೆ ತಪ್ಪು, ಏಕೆಂದರೆ ಅಲ್ಲಿ ಸಮೀಕರಣವೇ ಇಲ್ಲ. “ಕ² − 5ಕ + 6 = 0 ಅನ್ನು ಬಿಡಿಸಿ” ಎಂದಾಗ ಮಾತ್ರ 2 ಮತ್ತು 3 ಬೇಕು.

“2ಕ² − 7ಕ + 3 = 0 ಸಮೀಕರಣಕ್ಕೆ 3 ಒಂದು ಮೂಲವೇ ಪರಿಶೀಲಿಸಿ” ಎಂದರೆ ಇಡೀ ಸಮೀಕರಣ ಬಿಡಿಸುವ ಶ್ರಮ ಬೇಡ. ಕ ಇರುವಲ್ಲಿ 3 ಹಾಕಿ. 18 − 21 + 3 = 0. ಹೌದು, ಮೂಲ. ಎರಡು ಸಾಲಿನ ಕೆಲಸ. ಇದಕ್ಕೆ ಸೂತ್ರ ಹಾಕಿ ಅರ್ಧ ಪುಟ ತುಂಬಿಸಿದವರನ್ನು ನೋಡಿದ್ದೇನೆ. ಅದೇ ‘ಪರಿಶೀಲಿಸಿ’ ಇತಿಹಾಸದಲ್ಲಿ ಬಂದರೆ ಸಾಕ್ಷಿ ಹಿಡಿದು ವಿವರವಾಗಿ ನೋಡು ಎಂದರ್ಥ.

‘ಸಾಧಿಸಿ’ ಎಂದರೆ ಎಲ್ಲ ಸಂದರ್ಭಕ್ಕೂ ನಿಜ ಎಂದು ತೋರಿಸಬೇಕು. ಎರಡು ಬೆಸ ಸಂಖ್ಯೆಗಳ ಮೊತ್ತ ಸಮ ಸಂಖ್ಯೆ ಎಂದು ಸಾಧಿಸಲು 3 + 5 = 8, 7 + 9 = 16 ಎಂದು ನೂರು ಉದಾಹರಣೆ ಕೊಟ್ಟರೂ ಆಗುವುದಿಲ್ಲ. ಎರಡು ಬೆಸ ಸಂಖ್ಯೆಗಳನ್ನು 2ಮ + 1, 2ನ + 1 ಎಂದು ಇಟ್ಟುಕೊಳ್ಳಿ. ಮ, ನ ಯಾವ ಪೂರ್ಣಾಂಕವಾದರೂ ಸರಿ. ಕೂಡಿದರೆ 2(ಮ + ನ + 1). ಎರಡರಿಂದ ಭಾಗವಾಗುತ್ತದೆ. ಈಗ ಸಾಧನೆ ಆಯಿತು. ‘ಅಂದಾಜಿಸಿ’ ಎಂದಾಗ ಮಾತ್ರ ಕರಾರುವಾಕ್ಕಾದ ಉತ್ತರವೇ ತಪ್ಪಾಗಬಹುದು. 398 × 21 ಅನ್ನು ಅಂದಾಜಿಸಿ ಎಂದರೆ 400 × 20, ಅಂದರೆ ಸುಮಾರು 8000. 8358 ಎಂದು ಗುಣಿಸಿ ಬರೆದರೆ ಅಂದಾಜು ಎಲ್ಲಿ?

ರೇಖಾಗಣಿತದ ‘ರಚಿಸಿ’ಗೆ ಅಳತೆಪಟ್ಟಿ, ಕೈವಾರ ಬೇಕು. ಕೈವಾರದ ಕಂಸಗಳನ್ನು ಅಳಿಸಬೇಡಿ, ಅಂಕ ಇರುವುದೇ ಅವುಗಳಿಗೆ. ‘ಕರಡು ಚಿತ್ರ’ ಎಂದಿದ್ದರೆ ಕೈಯಲ್ಲೇ ಬರೆದರೆ ಸಾಕು.

ಹಂತ 5: ಅಂಕವನ್ನೂ ಓದಿ

ಪ್ರಶ್ನೆಯ ಪಕ್ಕದಲ್ಲಿರುವ ಅಂಕವೂ ಒಂದು ಸೂಚನೆಯೇ. ಒಂದು ಅಂಕದ ‘ವಿವರಿಸಿ’ಗೂ ಐದು ಅಂಕದ ‘ವಿವರಿಸಿ’ಗೂ ಒಂದೇ ಉದ್ದದ ಉತ್ತರ ಹೇಗೆ ಸರಿಯಾದೀತು? ಒಂದು ಅಂಕಕ್ಕೆ ಒಂದು ಗಟ್ಟಿ ಅಂಶ ಎಂಬುದು ಒರಟು ಲೆಕ್ಕ. ಎಲ್ಲ ಕಡೆ ಹೊಂದುವುದಿಲ್ಲ, ಆದರೆ ಏನೂ ತೋಚದಾಗ ದಾರಿ ತೋರಿಸುತ್ತದೆ. ಸಮಯಕ್ಕೂ ಹಾಗೆಯೇ. 3 ಗಂಟೆಯಲ್ಲಿ 80 ಅಂಕದ ಪತ್ರಿಕೆ ಎಂದುಕೊಳ್ಳಿ. ಓದಲು, ಕೊನೆಗೆ ತಿರುವಿ ನೋಡಲು 20 ನಿಮಿಷ ತೆಗೆದಿಟ್ಟರೆ ಒಂದು ಅಂಕಕ್ಕೆ 2 ನಿಮಿಷ ಸಿಗುತ್ತದೆ. ಎರಡು ಅಂಕದ ಪ್ರಶ್ನೆಯ ಮೇಲೆ ಹತ್ತು ನಿಮಿಷ ಕೂತಿದ್ದರೆ ಎಲ್ಲೋ ಸೂಚನಾ ಪದವನ್ನು ತಪ್ಪಾಗಿ ಓದಿದ್ದೀರಿ ಎಂದು ಅನುಮಾನಿಸಿ.

ಹಂತ 6: ಉತ್ತರದ ಮೊದಲ ವಾಕ್ಯದಲ್ಲೇ ಕೆಲಸ ಶುರು ಮಾಡಿ

ಪ್ರಶ್ನೆಯ ಬಾಲವನ್ನು ಉತ್ತರದ ತಲೆಗೆ ತನ್ನಿ. ‘ವ್ಯತ್ಯಾಸ’ ಕೇಳಿದ್ದರೆ ಶೀರ್ಷಿಕೆಯಲ್ಲೇ ಎರಡೂ ಹೆಸರು ಬರೆದು ಗೆರೆ ಎಳೆಯಿರಿ. ‘ವಿಮರ್ಶಿಸಿ’ ಎಂದಿದ್ದರೆ “ಈ ಮಾತು ಬಹುಮಟ್ಟಿಗೆ ನಿಜ, ಆದರೆ ಪೂರ್ತಿ ನಿಜವಲ್ಲ” ಎಂಬಂಥ ಸಾಲಿನಿಂದ ಶುರು ಮಾಡಬಹುದು. ಕಾರಣ ಕೇಳಿದ್ದರೆ ಪೀಠಿಕೆ ಬೇಡವೇ ಬೇಡ. ಮೊದಲ ವಾಕ್ಯ ಸರಿ ಹೊರಟರೆ ಉತ್ತರ ದಾರಿ ತಪ್ಪುವುದು ಕಡಿಮೆ.

ಬರೆದಾದ ಮೇಲೆ ಪ್ರಶ್ನೆಗೆ ಗೆರೆ ಎಳೆದ ಪದಗಳನ್ನು ಮತ್ತೊಮ್ಮೆ ನೋಡಿ. ಎರಡು ಗೆರೆ ಇದ್ದಲ್ಲಿ ಎರಡು ಕೆಲಸ ಆಗಿದೆಯೇ? ಇದಕ್ಕೆ ಹತ್ತು ಸೆಕೆಂಡು ಸಾಕು.

ಸೂಚನಾ ಪದವೇ ಅರ್ಥವಾಗದಿದ್ದರೆ? ಗಾಬರಿ ಬೇಡ. ಅಂಕ ನೋಡಿ. ಅದೇ ವಿಭಾಗದ ಪಕ್ಕದ ಪ್ರಶ್ನೆಗಳು ಏನು ಕೇಳುತ್ತಿವೆ ನೋಡಿ, ಒಂದು ವಿಭಾಗದ ಪ್ರಶ್ನೆಗಳು ಹೆಚ್ಚಾಗಿ ಒಂದೇ ತರಹ ಇರುತ್ತವೆ. ಆಮೇಲೆ ಆ ವಿಷಯದ ಬಗ್ಗೆ ‘ಏನು’ ಮತ್ತು ‘ಏಕೆ’ ಎರಡನ್ನೂ ಬರೆಯಿರಿ.

ಹಂತ 7: ಮನೆಯಲ್ಲಿ ಬಾಲ ಬದಲಿಸುವ ಆಟ

ಹಳೆಯ ಪ್ರಶ್ನೆಪತ್ರಿಕೆ ತೆಗೆದು ಉತ್ತರ ಬರೆಯುವುದು ಎಲ್ಲರಿಗೂ ಗೊತ್ತಿರುವ ಅಭ್ಯಾಸ. ಇದು ಬೇರೆ. ಒಂದು ಪ್ರಶ್ನೆ ತೆಗೆದುಕೊಂಡು ಅದರ ಬಾಲವನ್ನು ಮಾತ್ರ ಬದಲಿಸುತ್ತಾ ಹೋಗಿ. ಕಬ್ಬಿಣ ತುಕ್ಕು ಹಿಡಿಯಲು ಬೇಕಾದುವನ್ನು ಹೆಸರಿಸಿ. ತುಕ್ಕು ಹಿಡಿಯುವುದನ್ನು ತೋರಿಸುವ ಪ್ರಯೋಗವನ್ನು ವಿವರಿಸಿ. ಬಣ್ಣ ಬಳಿದ ಕಬ್ಬಿಣ ತುಕ್ಕು ಹಿಡಿಯುವುದಿಲ್ಲ, ಕಾರಣ ಕೊಡಿ. ತುಕ್ಕು ಹಿಡಿಯುವುದನ್ನೂ ಉರಿಯುವುದನ್ನೂ ಹೋಲಿಸಿ.

ಪೂರ್ತಿ ಉತ್ತರ ಬರೆಯಬೇಡಿ. ಒಂದೊಂದಕ್ಕೂ ಉತ್ತರದ ಆಕಾರ ಹೇಗಿರುತ್ತದೆ ಎಂದು ಬಾಯಲ್ಲಿ ಹೇಳಿ. ಮೊದಲನೆಯದಕ್ಕೆ ಎರಡು ಪದ: ಗಾಳಿಯಲ್ಲಿನ ಆಮ್ಲಜನಕ, ನೀರು. ಎರಡನೆಯದಕ್ಕೆ ಮೂರು ಪ್ರನಾಳ, ಮೂರರಲ್ಲೂ ಮೊಳೆ, ಒಂದರಲ್ಲಿ ಗಾಳಿ ಮತ್ತು ನೀರು ಎರಡೂ, ಉಳಿದವುಗಳಲ್ಲಿ ಒಂದೊಂದು ಇಲ್ಲ. ಮೂರನೆಯದಕ್ಕೆ ಕೊಂಡಿಗಳು: ಬಣ್ಣದ ಪದರ ತಡೆಯುತ್ತದೆ, ಗಾಳಿ ನೀರು ಮುಟ್ಟುವುದಿಲ್ಲ, ಹಾಗಾಗಿ ಕ್ರಿಯೆ ನಡೆಯುವುದಿಲ್ಲ. ನಾಲ್ಕನೆಯದು ಹೋಲಿಕೆ, ಹಾಗಾಗಿ ಒಂದೇ ತರಹ ಇರುವುದೂ ಬೇಕು: ಎರಡರಲ್ಲೂ ಆಮ್ಲಜನಕ ಸೇರುತ್ತದೆ. ಆಮೇಲೆ ವೇಗ, ಬೆಳಕು, ಶಾಖ ಎಂಬ ಅಳತೆಗೋಲುಗಳು.

ಇಬ್ಬರು ಕೂತರೆ ಆಟ ಇನ್ನೂ ರಂಗೇರುತ್ತದೆ. ಒಬ್ಬರು ಉತ್ತರ ಹೇಳಬೇಕು, ಇನ್ನೊಬ್ಬರು ಅದರ ಪ್ರಶ್ನೆಯ ಬಾಲ ಯಾವುದಿರಬಹುದು ಎಂದು ಹೇಳಬೇಕು. “ಬಣ್ಣದ ಪದರ ಗಾಳಿಯನ್ನೂ ನೀರನ್ನೂ ತಡೆಯುತ್ತದೆ, ಹಾಗಾಗಿ ತುಕ್ಕು ಹಿಡಿಯುವುದಿಲ್ಲ” ಎಂಬುದು ಉತ್ತರ. ಬಾಲ ಯಾವುದು, ನೀವೇ ಹೇಳಿ.